ವಿಕಲ್ಪ ವಿಹಾರ

ವ್ಯಾಕರಣದಲ್ಲಿ ವಿಕಲ್ಪವೆಂಬ ಮಾತೊಂದುಂಟು. ವಿಧಿಯೆಂದರೆ ಮಾಡಲೇಬೇಕಾದದ್ದು, ನಿಷೇಧವೆಂದರೆ ಮಾಡಕೂಡದ್ದು, ವಿಕಲ್ಪವೆಂದರೆ ಮಾಡಿದರೂ ಸರಿ, ಬಿಟ್ಟರೂ ಸರಿ. ‘ಮನೆಯಲ್ಲಿ ಇಲ್ಲ’ ಎಂದು ಬಿಡಿಸಿ ಬರೆದರೂ ತಪ್ಪಿಲ್ಲ. ‘ಮನೆಯಲ್ಲಿಲ್ಲ’ ಎಂದು ಸಂಧಿ ಮಾಡಿದರೂ ತಪ್ಪಿಲ್ಲ. ತರಗತಿಯಲ್ಲಿ ಈ ಪಾಠಕ್ಕೆ ಬಂದಾಗ ಹುಡುಗರು ಸಾಮಾನ್ಯವಾಗಿ ಲೇಖನಿ ಕೆಳಗಿಡುತ್ತಾರೆ. ಬಿಟ್ಟರೂ ನಡೆಯುತ್ತದೆ ಎಂದ ಮೇಲೆ ಕಲಿಯುವುದೇಕೆ ಎಂಬುದು ಅವರ ವಾದ. ಪ್ರವಾಸ ಹೊರಟ ದೊಡ್ಡವರ ವಾದವೂ ಬಹುಮಟ್ಟಿಗೆ ಇದೇ ಆಗಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಈಗ ನಮ್ಮ ಕಡೆಯ ಎಷ್ಟೋ ಸಂಸಾರಗಳು ಫ್ರಾನ್ಸ್ ಮೊದಲಾದ ದೇಶಗಳಿಗೆ ಪ್ರವಾಸ ಹೋಗಿಬರುತ್ತವೆ. ನಿವೃತ್ತಿಯ ಹಣದಲ್ಲಿ ಹೋಗುವವರುಂಟು, ಪರದೇಶದಲ್ಲಿರುವ ಮಕ್ಕಳು ಕಳಿಸಿದ ಟಿಕೀಟಿನಲ್ಲಿ ಹೋಗುವವರುಂಟು. ಪ್ರವಾಸ ಏರ್ಪಡಿಸುವ ಕಂಪನಿಯವರು ಕೊಡುವ ಪತ್ರಿಕೆಯನ್ನು ನೋಡಿದರೆ ದೊಡ್ಡ ಅಕ್ಷರದಲ್ಲಿ ವಿಮಾನ, ಹೋಟೆಲು, ಬೆಳಗಿನ ಉಪಾಹಾರ, ಬಸ್ಸು, ಪ್ಯಾರಿಸ್ ನಗರದ ಒಂದು ಸುತ್ತು ಇವಿಷ್ಟಿರುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಐಚ್ಛಿಕ ವಿಹಾರಗಳು’ ಎಂದು ಮತ್ತೊಂದು ಪಟ್ಟಿ. ಸೇನ್ ನದಿಯಲ್ಲಿ ದೋಣಿಯ ಸವಾರಿ, ವರ್ಸೈ ಅರಮನೆ, ನಾರ್ಮಂಡಿಯ ಕಡಲತೀರ, ಲಿಯಾನ್ ಪಟ್ಟಣದ ರೇಷ್ಮೆ ನೇಕಾರರ ಕೇರಿ. ಇವಕ್ಕೆ ಹಣ ಬೇರೆ, ಗೈಡು ಬೇರೆ. ಬೇಕಾದವರು ಹೋಗಬಹುದು, ಬೇಡವಾದವರು ಹೋಟೆಲಿನಲ್ಲಿ ಮಲಗಿರಬಹುದು.

ಈ ಪಟ್ಟಿಯನ್ನು ಓದುವ ಕ್ರಮವೊಂದಿದೆ. ಮೊದಲು ಕ್ರಿಯಾಪದಗಳನ್ನು ನೋಡಬೇಕು. ಪಂಡಿತನ ಉಪದೇಶವೆಂದು ನಗಬೇಡಿ. ‘ವೀಕ್ಷಣೆ’ ಎಂದಿದ್ದರೆ ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ. ‘ಭೇಟಿ’ ಎಂದಿದ್ದರೆ ಕೆಳಗಿಳಿಸುತ್ತಾರೆ. ‘ಪ್ರವೇಶ’ ಎಂದಿದ್ದರೆ ಮಾತ್ರ ಒಳಗೆ ಬಿಡುವ ಟಿಕೀಟು ನಿಮ್ಮ ಹಣದಲ್ಲಿ ಸೇರಿದೆ. ಎರಡನೆಯದು ವಾರ. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜ, ವರ್ಸೈ ಅರಮನೆಗೆ ಸೋಮವಾರ ರಜ. ಸೋಮವಾರದ ದಿನ ವರ್ಸೈ ಎಂದು ಹಾಕಿದ್ದರೆ ನೀವು ನೋಡುವುದು ಉದ್ಯಾನವನ್ನು, ಅರಮನೆಯನ್ನಲ್ಲ. ಮೂರನೆಯದು ಕನಿಷ್ಠ ಸಂಖ್ಯೆ. ಬಸ್ಸಿನ ಬಾಡಿಗೆ ಮತ್ತು ಗೈಡಿನ ಸಂಬಳ ಎಷ್ಟು ಜನ ಬಂದರೂ ಒಂದೇ. ಅದನ್ನು ಬಂದವರ ಮೇಲೆ ಹಂಚುತ್ತಾರೆ. ಆದುದರಿಂದ ಇಷ್ಟು ಜನ ಸೇರದಿದ್ದರೆ ವಿಹಾರವೇ ರದ್ದು ಎಂಬ ಷರತ್ತು ಇರುತ್ತದೆ. ರದ್ದಾದರೆ ಮುಂಗಡ ಹಿಂದಕ್ಕೆ ಬರುತ್ತದೆಯೇ ಎಂಬುದನ್ನು ಊರು ಬಿಡುವ ಮುನ್ನ ಕೇಳಬೇಕು, ಪ್ಯಾರಿಸ್ಸಿನಲ್ಲಿ ನಿಂತು ಕೇಳಿದರೆ ಪ್ರಯೋಜನವಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಗೈಡು ಯಾರು ಎಂಬುದು. ಫ್ರಾನ್ಸಿನಲ್ಲಿ ಇದಕ್ಕೆ ಕಾನೂನೇ ಇದೆ. ಪ್ರವಾಸದ ವ್ಯಾಪಾರ ನಡೆಸುವವರು ಅಲ್ಲಿನ ರಾಷ್ಟ್ರೀಯ ಮಾನ್ಯತೆಯ ವಸ್ತುಸಂಗ್ರಹಾಲಯಗಳಲ್ಲೂ ಐತಿಹಾಸಿಕ ಸ್ಮಾರಕಗಳಲ್ಲೂ ಜನರಿಗೆ ವಿವರಿಸಬೇಕಾದರೆ ಸರ್ಕಾರದ ಗುರುತಿನ ಚೀಟಿ ಪಡೆದ ಗೈಡನ್ನೇ ನೇಮಿಸಬೇಕು. ಆ ಚೀಟಿ ಓದಿ ಪರೀಕ್ಷೆ ಮಾಡಿದವರಿಗೆ ಸಿಕ್ಕುತ್ತದೆ. ನಮ್ಮಲ್ಲೂ ಪ್ರವಾಸೋದ್ಯಮ ಇಲಾಖೆಯವರು ಗೈಡುಗಳಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುತ್ತಾರೆ. ಆದರೆ ಹಂಪೆ, ಬೇಲೂರುಗಳಲ್ಲಿ ಅಂಥವರು ಸಿಕ್ಕುವಷ್ಟು ಸುಲಭವಾಗಿ ಸಣ್ಣ ಊರುಗಳಲ್ಲಿ ಸಿಕ್ಕುವುದಿಲ್ಲ. ಅಲ್ಲಿ ಡ್ರೈವರೇ ಗೈಡು, ಇಲ್ಲವೇ ಅರ್ಚಕರೇ ಗೈಡು, ಇಲ್ಲವೇ ಎಳನೀರು ಮಾರುವ ಹುಡುಗನೇ ಗೈಡು. ಕೆಲವು ವೇಳೆ ಈ ಮೂವರಲ್ಲಿ ಎಳನೀರಿನ ಹುಡುಗನೇ ವಾಸಿ.

ಇನ್ನು ಫ್ರಾನ್ಸನ್ನು ಅಲ್ಲಿಗೇ ನಿಲ್ಲಿಸಿ, ನಮ್ಮ ಮನೆಯ ಬಾಗಿಲಿಗೆ ಬರೋಣ. ಬೆಂಗಳೂರಿನಿಂದ ಉತ್ತರಕ್ಕೆ ಹೊರಡುವ ಪ್ರವಾಸಗಳಿಗೆಲ್ಲ ನಂದಿಬೆಟ್ಟವೇ ‘ವಿಧಿ’. 1971ರಲ್ಲಿ ಹುಟ್ಟಿದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರಾಗಲಿ, ಖಾಸಗಿಯವರಾಗಲಿ ಬೆಟ್ಟವನ್ನು ಬಿಡುವುದಿಲ್ಲ. ಅದರ ಸುತ್ತಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು ಮಾತ್ರ ‘ವಿಕಲ್ಪ’. 2007ರ ಆಗಸ್ಟಿನವರೆಗೆ ಈ ನಾಲ್ಕೂ ಕೋಲಾರ ಜಿಲ್ಲೆಯಲ್ಲಿದ್ದವು. ಜಿಲ್ಲೆ ಬೇರೆಯಾಯಿತು, ಪ್ರವಾಸಿಗಳ ಪದ್ಧತಿ ಬದಲಾಗಲಿಲ್ಲ. ಮಂಜು ನೋಡಿದರು, ಫೋಟೋ ಹಿಡಿದರು, ಬಜ್ಜಿ ತಿಂದರು, ಇಳಿದರು.

ಬೆಟ್ಟದ ಮೇಲೆ ನೋಡತಕ್ಕದ್ದಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಸಮುದ್ರಮಟ್ಟದಿಂದ ಸುಮಾರು 1478 ಮೀಟರು ಎತ್ತರದ ಈ ದುರ್ಗವನ್ನು 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಾವಲಿನವರಿಂದ ಹಿಡಿಯಿತು. ಗಾಂಧೀಜಿಯವರು 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಇಲ್ಲಿಗೆ ಬಂದರು, 1936ರಲ್ಲಿ ಮತ್ತೆ ಬಂದರು. 1986ರಲ್ಲಿ ದಕ್ಷಿಣ ಏಷ್ಯದ ದೇಶಗಳ ಮುಖಂಡರು ಬೆಂಗಳೂರಿನಲ್ಲಿ ಸೇರಿದಾಗ ವಿಶ್ರಾಂತಿಗೆ ಇಲ್ಲಿಗೆ ಹತ್ತಿಬಂದರು. ಇವೆಲ್ಲ ಗೈಡಿಲ್ಲದೆಯೂ ಫಲಕ ಓದಿ ತಿಳಿಯುವಂಥವು. ಗೈಡು ಬೇಕಾದದ್ದು ಬೆಟ್ಟದ ಬುಡದಲ್ಲಿ, ನಂದಿ ಗ್ರಾಮದಲ್ಲಿ.

ಅಲ್ಲಿನ ಭೋಗನಂದೀಶ್ವರ ದೇವಾಲಯ ಒಂಬತ್ತನೆಯ ಶತಮಾನದ ಆರಂಭದ್ದು. ನೊಳಂಬರ ಕಾಲದ ಸುಮಾರು 806ರ ಶಾಸನವೂ ಬಾಣರ ಸುಮಾರು 810ರ ತಾಮ್ರಶಾಸನವೂ ಇದಕ್ಕೆ ಆಧಾರ. ದೇವಾಲಯವೆಂದರೆ ಒಂದಲ್ಲ, ಅಕ್ಕಪಕ್ಕದಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ದೊಡ್ಡ ಗುಡಿಗಳು, ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ತುದಿಯ ಯೋಗನಂದೀಶ್ವರ ವೈರಾಗ್ಯ ಎಂದು ಹೇಳುವ ವಾಡಿಕೆ. ಭೋಗವೂ ಮದುವೆಯೂ ಕೆಳಗೆ; ಯೋಗ ಮೇಲೆ. ಈ ಒಂದು ಮಾತು ಕಿವಿಗೆ ಬಿದ್ದ ಮೇಲೆ, ಮೇಲಿನ ಗುಡಿ ಏಕೆ ಅಷ್ಟು ಸರಳ, ಕೆಳಗಿನ ಕಲ್ಯಾಣಮಂಟಪ ಏಕೆ ಅಷ್ಟು ಸಿಂಗಾರ ಎಂಬುದು ತಾನಾಗಿ ತಿಳಿಯುತ್ತದೆ. ಮಂಟಪದ ನಾಲ್ಕು ಕರಿಕಲ್ಲಿನ ಕಂಬಗಳಲ್ಲಿ ಶಿವಪಾರ್ವತಿ, ಬ್ರಹ್ಮಸರಸ್ವತಿ, ವಿಷ್ಣುಲಕ್ಷ್ಮಿ, ಅಗ್ನಿಸ್ವಾಹಾ ಎಲ್ಲರೂ ಜೋಡಿಯಾಗಿಯೇ ನಿಂತಿದ್ದಾರೆ. ಮದುವೆಯ ಮನೆಯೆಂಬುದನ್ನು ಶಿಲ್ಪಿ ಮರೆತಿಲ್ಲ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಟ್ಟುತ್ತ ಬಂದ ಗುಡಿ ಇದು. ಯಾವ ಕಲ್ಲು ಯಾರದೆಂದು ತೋರಿಸದೆ ‘ಇದನ್ನು ಚೋಳರಾಜ ಕಟ್ಟಿಸಿದ’ ಎಂದು ಮುಗಿಸುವ ಗೈಡು ನಿಮ್ಮ ಹಣಕ್ಕೆ ನ್ಯಾಯ ಸಲ್ಲಿಸಿಲ್ಲ. ಹಾಗೆಯೇ ಬೆಟ್ಟದ ಮೇಲಿನ ‘ಟಿಪ್ಪು ಡ್ರಾಪಿ’ನಿಂದ ಸೆರೆಯಾಳುಗಳನ್ನು ತಳ್ಳುತ್ತಿದ್ದರೆಂಬ ಕಥೆಯನ್ನು ಕಥೆಯೆಂದೇ ಹೇಳುವವನು ಒಳ್ಳೆಯ ಗೈಡು.

ಹತ್ತಿರದಲ್ಲೇ ಮುದ್ದೇನಹಳ್ಳಿ. 1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಮನೆ ಈಗ ವಸ್ತುಸಂಗ್ರಹಾಲಯ. 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ. ಇದಕ್ಕೆ ಅರ್ಧ ಗಂಟೆ ಸಾಕು, ಗೈಡೂ ಬೇಡ. ಮನೆ ಚಿಕ್ಕದಾಗಿರುವುದೇ ಅಲ್ಲಿನ ವಿಶೇಷ.

ಈಗ ಗೌರಿಬಿದನೂರಿನ ಮಾತು. ಇದು ವಾಯವ್ಯಕ್ಕಿದೆ, ಶಿಡ್ಲಘಟ್ಟ, ಚಿಂತಾಮಣಿಗಳು ಪೂರ್ವಕ್ಕಿವೆ. ಎರಡು ದಿಕ್ಕನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವ ಪಟ್ಟಿಯನ್ನು ನಂಬಬೇಡಿ, ಅವರು ತೋರಿಸುವುದು ರಸ್ತೆಯನ್ನು. ಗೌರಿಬಿದನೂರಿನಿಂದ ಆರು ಕಿಲೋಮೀಟರು ದೂರದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ. ವಿದುರ ನೆಟ್ಟನೆಂದು ಹೇಳುವ ಅಶ್ವತ್ಥ ವೃಕ್ಷದಿಂದ ಊರಿಗೆ ಆ ಹೆಸರು. ಆ ಹಳೆಯ ಮರ 2001ರಲ್ಲಿ ಉರುಳಿತು. ಸುತ್ತ ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು ಸಾವಿರಾರು. ಬಸ್ಸು ನಿಲ್ಲುವುದು ಇವಕ್ಕಾಗಿ, ಪೂಜೆಗಾಗಿ. ಪೂಜೆ ಮುಗಿಯಿತು, ಪ್ರಸಾದ ಸಿಕ್ಕಿತು, ಹತ್ತಿ ಹತ್ತಿ ಎಂದು ಸೀಟಿ ಊದುತ್ತಾರೆ.

ಅಲ್ಲಿಂದ ಕೂಗಳತೆಯಲ್ಲಿ ಹುತಾತ್ಮರ ಸ್ಮಾರಕವೂ ವೀರಸೌಧವೂ ಇವೆ. 1938ರ ಏಪ್ರಿಲ್ 25ರಂದು ಇಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ತ್ರಿವರ್ಣ ಧ್ವಜವನ್ನು ಹಾರಿಸಬಾರದೆಂದು ಸಂಸ್ಥಾನದ ಕಟ್ಟಳೆಯಿತ್ತು. ಅದೇ ತಿಂಗಳು ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಅಲೆ ಈ ಗಡಿನಾಡಿಗೂ ಬಂದಿತ್ತು. ಬ್ರಿಟಿಷರ ಆಳ್ವಿಕೆಯ ಅಮೃತಸರದಲ್ಲಿ 1919ರಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ನಮ್ಮದೇ ಮಹಾರಾಜರ, ನಮ್ಮದೇ ದಿವಾನರ ಆಡಳಿತದಲ್ಲಿ, ಅದೂ ‘ಮಾದರಿ ಸಂಸ್ಥಾನ’ವೆಂದು ಹೆಸರು ಪಡೆದ ನಾಡಿನಲ್ಲಿ ನಡೆದ ಈ ಸಂಗತಿಯನ್ನು ಕೇಳಿದರೆ ಎಷ್ಟೋ ಪ್ರವಾಸಿಗಳು ಹುಬ್ಬೇರಿಸುತ್ತಾರೆ. ಸತ್ತವರೆಷ್ಟು ಎಂಬಲ್ಲಿ ಅಂದಿನ ಸರ್ಕಾರದ ಲೆಕ್ಕ ಚಿಕ್ಕದು. ಜನರ ನೆನಪಿನ ಲೆಕ್ಕ ಮೂವತ್ತಕ್ಕೂ ಮೇಲೆ. ಬಲ್ಲ ಗೈಡು ಎರಡು ಲೆಕ್ಕವನ್ನೂ ಹೇಳುತ್ತಾನೆ. ಆಮೇಲೆ ಆದದ್ದನ್ನೂ ಹೇಳುತ್ತಾನೆ. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತನಾಡಿದರು. ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಲು ಅವಕಾಶವಾಯಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ ಜನ 1947ರವರೆಗೆ ಕಾಯಬೇಕಾಯಿತು.

ಒಮ್ಮೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ನಾವು ಗೊತ್ತುಮಾಡಿದ್ದ ಪ್ರವಾಸದವನು ಸ್ಮಾರಕವನ್ನು ಬಿಟ್ಟು ಮುಂದೆ ಹೋಗೋಣವೆಂದ. ‘ಅದು ಲಿಸ್ಟಿನಲ್ಲಿಲ್ಲ ಸಾರ್’ ಎಂಬುದು ಅವನ ಉತ್ತರ. ಲಿಸ್ಟಿನಲ್ಲಿಲ್ಲದಿದ್ದರೇನು, ಊರಿನಲ್ಲಿದೆಯಲ್ಲ ಎಂದು ಮಕ್ಕಳನ್ನು ಇಳಿಸಿದೆ. ಒಬ್ಬ ಹುಡುಗಿ ಅಲ್ಲಿನ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದಳು. ಹಾಜರಿ ಪುಸ್ತಕದಲ್ಲಿರುವಂಥವೇ ಹೆಸರುಗಳು ಸಾರ್, ಎಂದಳು.

ನಾರ್ಮಂಡಿಯ ವಿಹಾರವೂ ಇಂಥದೇ. ಪ್ಯಾರಿಸ್ಸಿನಿಂದ ಹೋಗಿಬರಲು ದಿನವೆಲ್ಲ ಹಿಡಿಯುತ್ತದೆ, ಹಣವೂ ಹೆಚ್ಚು. ಅಂಗಡಿಬೀದಿಗೆ ಹೋಗಬೇಕೆನ್ನುವವರು ಅದನ್ನು ಬಿಡುತ್ತಾರೆ. 1944ರ ಜೂನ್ 6ರಂದು ಮಿತ್ರಸೈನ್ಯ ಇಳಿದ ಆ ತೀರದ ಮೇಲೆ, ಕೊಲ್‌ವಿಲ್ ಎಂಬಲ್ಲಿ, ಅಮೆರಿಕದ ಸೈನಿಕರ ಒಂಬತ್ತು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಸಾಲುಸಾಲಾಗಿ ಬಿಳಿಯ ಕಲ್ಲುಗಳು. ಗುರುತು ಸಿಕ್ಕದವರದನ್ನು ಬಿಟ್ಟರೆ ಪ್ರತಿಯೊಂದರ ಮೇಲೂ ಒಂದು ಹೆಸರು. ಅಷ್ಟು ದೂರ ಹೋಗಿ ಅದನ್ನು ನೋಡಿ ಕಣ್ಣೀರು ತಂದುಕೊಂಡು ಬಂದವರು, ಗೌರಿಬಿದನೂರಿನ ಹೆಸರುಗಳನ್ನು ನೋಡದೆ ಉಳಿಯುವುದು ನನಗೆ ಸರಿಕಾಣುವುದಿಲ್ಲ.

ಗೌರಿಬಿದನೂರಿನ ಬಳಿ ಇನ್ನೊಂದು ವಿಶೇಷವುಂಟು. ರಾಮನ್ ಸಂಶೋಧನ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಅಲ್ಲಿ ರೇಡಿಯೋ ದೂರದರ್ಶಕವನ್ನು ಕಟ್ಟಿವೆ. 1976ರಿಂದ ಅದು ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ಬರುವ ರೇಡಿಯೋ ಅಲೆಗಳಿಗೆ ಕಿವಿಗೊಟ್ಟಿದೆ. ಬಾನುಲಿಯ ವಾಚಕರಿಗೆ ಇದಕ್ಕಿಂತ ಹತ್ತಿರದ ನೆಂಟ ಯಾರು? ಆದರೆ ಅದು ಕೆಲಸ ನಡೆಯುವ ಸ್ಥಳ. ಮುಂಚಿತವಾಗಿ ಬರೆದು ಅನುಮತಿ ಪಡೆಯದೆ ಹೋಗತಕ್ಕದ್ದಲ್ಲ.

ಇನ್ನು ಪೂರ್ವದ ದಾರಿ. ಶಿಡ್ಲಘಟ್ಟವನ್ನು ಪ್ರವಾಸದ ಪಟ್ಟಿಯಲ್ಲಿ ಸೇರಿಸಿದವರು ಕಡಿಮೆ. ಅಲ್ಲಿ ಹೆಸರಾದ ಗೋಪುರವಿಲ್ಲ, ಜಲಪಾತವಿಲ್ಲ. ಇರುವುದು ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ. ಇದನ್ನು ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಹೋದರೆ ಗುಡಿಸಿದ ನೆಲ ಮಾತ್ರ ಕಂಡೀತು. ರೈತರು ತಂದ ಗೂಡನ್ನು ಜಾಲರಿಗಳಲ್ಲಿ ಹರಡಿರುತ್ತಾರೆ. ಹಳದಿಯದು ಮಿಶ್ರತಳಿ, ಬೆಳ್ಳಗಿರುವುದು ದ್ವಿತಳಿ. ನೂಲು ಬಿಚ್ಚುವವರು, ಅಂದರೆ ರೀಲರುಗಳು, ಒಂದೊಂದು ಹಿಡಿ ಗೂಡನ್ನು ಕೈಯಲ್ಲಿ ಆಡಿಸಿ, ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ಬೆಲೆ ಕಟ್ಟುತ್ತಾರೆ. ಹಿಂದೆ ಕೂಗಿ ಹರಾಜು ಮಾಡುತ್ತಿದ್ದರು. ಈಗ ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ.

ಗೈಡಿಲ್ಲದವನಿಗೆ ಇದು ಸಂತೆ. ತಿಳಿದವನು ಪಕ್ಕದಲ್ಲಿದ್ದರೆ ಇದೊಂದು ಗಡಿಯಾರ. ಹುಳು ನಾಲ್ಕು ಜ್ವರ ಕಳೆದು (ಪೊರೆ ಬಿಡುವುದಕ್ಕೆ ನಮ್ಮ ರೈತರು ಜ್ವರವೆನ್ನುತ್ತಾರೆ, ಎಂಥ ಒಳ್ಳೆಯ ಮಾತು!), ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಮೇಲೆ ರೈತನಿಗೆ ಉಳಿಯುವುದು ಕೆಲವೇ ದಿನ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ನೂರಾರು ಮೀಟರು ಉದ್ದದ ಒಂದೇ ಎಳೆ ತುಂಡುತುಂಡಾಗುತ್ತದೆ. ರಾಗಿಯನ್ನಾದರೆ ಕಣಜದಲ್ಲಿಟ್ಟು ಬೆಲೆ ಏರಲೆಂದು ಕಾಯಬಹುದು, ಗೂಡನ್ನು ಕಾಯಿಸುವಂತಿಲ್ಲ. ಆ ದಿನದ ಬೆಲೆಯೇ ತಿಂಗಳ ದುಡಿಮೆಯ ಬೆಲೆ. ಇದು ತಿಳಿದ ಮೇಲೆ ಜಾಲರಿಯ ಪಕ್ಕದಲ್ಲಿ ಮಾತಿಲ್ಲದೆ ನಿಂತ ರೈತನ ಮುಖವನ್ನು ನೋಡಿ.

ಫ್ರಾನ್ಸಿನ ಪಟ್ಟಿಯಲ್ಲಿದ್ದ ಲಿಯಾನಿನ ನೇಕಾರರ ಕೇರಿಯನ್ನು ಇಲ್ಲಿ ನೆನೆಯಬೇಕು. ಷಕಾರನು ಚಿತ್ತಾರದ ಮಗ್ಗವನ್ನು 1804ರ ಸುಮಾರಿಗೆ ರೂಪಿಸಿದ್ದು ಆ ಊರಿನಲ್ಲಿ. ನೇಯ್ಗೆಗೆ ಕನಿಷ್ಠ ಕೂಲಿ ಗೊತ್ತುಮಾಡಬೇಕೆಂದು ಅಲ್ಲಿನ ನೇಕಾರರು 1831ರಲ್ಲಿ ದಂಗೆಯೆದ್ದರು, 1834ರಲ್ಲಿ ಮತ್ತೆ ಎದ್ದರು. ಎತ್ತರದ ಮಗ್ಗಗಳಿಗಾಗಿ ಕಟ್ಟಿದ ಎತ್ತರದ ಸೂರಿನ ಮನೆಗಳನ್ನು ಈಗಲೂ ಗೈಡುಗಳು ತೋರಿಸುತ್ತಾರೆ. ಅದೇ ದೇಶದ ದಕ್ಷಿಣದಲ್ಲಿ ರೇಷ್ಮೆಹುಳುಗಳು ರೋಗದಿಂದ ಸಾಯತೊಡಗಿದಾಗ ಲೂಯಿ ಪಾಸ್ಚರ್ 1865ರಲ್ಲಿ ಅಲೆಸ್ ಎಂಬ ಊರಿಗೆ ಹೋಗಿ ಐದು ವರ್ಷ ಶೋಧನೆ ನಡೆಸಿದ. ನಾವು ಗಂಟುರೋಗವೆನ್ನುವುದು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಆದುದರಿಂದ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ನಾಶಮಾಡಬೇಕು ಎಂದು ತೋರಿಸಿಕೊಟ್ಟ. ನಮ್ಮ ಬಿತ್ತನೆ ಕೋಠಿಗಳಲ್ಲಿ ರೋಗರಹಿತ ಮೊಟ್ಟೆ ತಯಾರಿಸುವಾಗ ಇಂದಿಗೂ ನಡೆಯುವುದು ಈ ಪರೀಕ್ಷೆಯೇ. ಶಿಡ್ಲಘಟ್ಟದಿಂದ ಫ್ರಾನ್ಸಿಗೆ ಹೋದವರು ಐಫೆಲ್ ಗೋಪುರದ ಮುಂದೆ ನಿಂತ ಫೋಟೋ ತರುತ್ತಾರೆ, ತರಲಿ. ತಮ್ಮ ಮನೆಯ ಹುಳುವಿನ ವೈದ್ಯನ ದೇಶವದೆಂದು ಯಾರಾದರೂ ಅವರಿಗೆ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಶಿಡ್ಲಘಟ್ಟ ದಾಟಿದರೆ ಚಿಂತಾಮಣಿ. ಆ ತಾಲ್ಲೂಕಿನ ಕೈವಾರಕ್ಕೆ ಹೋಗುವವರು ಎರಡು ಬಗೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ನಂಬಿ ಭೀಮಲಿಂಗೇಶ್ವರನನ್ನು ನೋಡಲು ಹೋಗುವವರು ಮೊದಲನೆಯವರು. ಭಾರತದಲ್ಲಿ ಏಕಚಕ್ರಪುರ ನಮ್ಮದೇ ಎನ್ನುವ ಊರುಗಳು ಇನ್ನೂ ಇವೆ. ಬಕಾಸುರನಿಗೆ ಹೊಟ್ಟೆ ದೊಡ್ಡದು, ಊರೂ ಹಲವು ಬೇಕಾಗಿರಬಹುದು. ಎರಡನೆಯವರು ತಾತಯ್ಯನವರ ಭಕ್ತರು. ಬಳೆ ಮಾರುವ ವೃತ್ತಿಯಲ್ಲಿದ್ದ ನಾರೇಯಣಪ್ಪನವರು ಯೋಗಿಯಾಗಿ ಕನ್ನಡ, ತೆಲುಗು ಎರಡರಲ್ಲೂ ಕೀರ್ತನೆಗಳನ್ನು ಹಾಡಿದರು. 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರೆಂದು ಪ್ರತೀತಿ. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ನನ್ನ ತರಗತಿಯಲ್ಲಿ ಯಾವಾಗಲೂ ಇದ್ದಾರೆ. ಅವರಿಗೆ ತಾತಯ್ಯನವರ ಪದಗಳು ಎರಡು ಮನೆಯ ನಡುವಿನ ಕದವಿದ್ದಂತೆ. ಇಲ್ಲಿಗೆ ಬರುವ ಗೈಡಿಗೆ ಎರಡೂ ಭಾಷೆ ಬರುತ್ತದೆಯೇ ಎಂದು ಕೇಳಿಯೇ ಹೊರಡಿ. ಬರೀ ಒಂದು ಬಲ್ಲವನು ಅರ್ಧ ಕೈವಾರವನ್ನು ತೋರಿಸಿಯಾನು. ಹತ್ತಿರದ ಕೈಲಾಸಗಿರಿಯ ಗುಹೆಗಳನ್ನು ಪುರಾತನವೆಂದುಕೊಂಡು ಬರುವವರುಂಟು. ಅವು ಈಚಿನ ದಶಕಗಳಲ್ಲಿ ಬಂಡೆ ಕೊರೆದು ಮಾಡಿದವು. ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಸಮಯವಿದ್ದರೆ ಅಲ್ಲಿಗೂ ಹೋಗಬಹುದು.

ಕಡೆಯದಾಗಿ, ಹೋಗದೆ ಉಳಿಯುವವರ ವಿಚಾರ. ವಿಕಲ್ಪ ವಿಹಾರಕ್ಕೆ ಹಣ ಕಟ್ಟದವರನ್ನು ಆ ಹೊತ್ತು ಎಲ್ಲಿ ಬಿಡುತ್ತಾರೆ ಎಂಬುದನ್ನು ಪಟ್ಟಿಯಲ್ಲಿ ಬರೆದಿರುವುದಿಲ್ಲ. ಮಂಡಿನೋವಿನ ಹಿರಿಯರಿರುತ್ತಾರೆ, ಕೂಸನ್ನು ಎತ್ತಿಕೊಂಡ ತಾಯಂದಿರಿರುತ್ತಾರೆ. ಅವರಿಗೆ ನೆರಳು, ನೀರು, ಶೌಚಾಲಯ ಇರುವ ಕಡೆ ಬಸ್ಸು ನಿಲ್ಲುತ್ತದೆಯೇ, ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ಹೊರಡುವ ಮುನ್ನ ಬಾಯಿಬಿಟ್ಟು ಕೇಳಿ. ನಂದಿಯಲ್ಲಾದರೆ ಬೆಟ್ಟ ಹತ್ತಲಾರದವರನ್ನು ಭೋಗನಂದೀಶ್ವರನ ಅಂಗಳದಲ್ಲಿ ಇಳಿಸಿ ಹೋಗಲು ಹೇಳಿ. ಒಳಗಿನ ಶೃಂಗಿತೀರ್ಥದ ಸುತ್ತಣ ಕೈಸಾಲೆಯಲ್ಲಿ ಬಿಸಿಲು ಬೀಳುವುದಿಲ್ಲ, ಕಂಬಕ್ಕೆ ಒರಗಿ ಎರಡು ಗಂಟೆ ಕುಳಿತಿರಬಹುದು.